ಪಾದ ನೆಲಕ್ಕೆ, ಆಮೇಲೆ ಸಹಿ

ರೈಲು ಹೊತ್ತಿಗೆ ಸರಿಯಾಗಿ ಬಿಟ್ಟರೆ ಜನ ಡ್ರೈವರನನ್ನು ಹೊಗಳುತ್ತಾರೆ, ಗಾರ್ಡನನ್ನು ಹೊಗಳುತ್ತಾರೆ, ಸ್ವಲ್ಪ ತಿಳಿದವರಾದರೆ ಸ್ಟೇಶನ್ ಮಾಸ್ತರನನ್ನೂ ಹೊಗಳುತ್ತಾರೆ. ಆ ಡ್ರೈವರನನ್ನು ನಡುರಾತ್ರಿ ಹಾಸಿಗೆಯಿಂದ ಎಬ್ಬಿಸಿದವನು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ, ಹುಬ್ಬಳ್ಳಿಯ ಮಟ್ಟಿಗೆ ಅವನ ಹೆಸರು ಉಡಚಪ್ಪ.

ಲೋಕೋ ಶೆಡ್ಡಿನಲ್ಲಿ ಅವನ ಹುದ್ದೆಗೆ ಕಾಲ್ ಬಾಯ್ ಅನ್ನುತ್ತಿದ್ದರು. ಬಾಯ್ ಅಂದರೆ ಹುಡುಗ. ಈ ಹುಡುಗನಿಗೆ ಅರವತ್ತಮೂರನೇ ಇಸವಿಗೆ ನಲವತ್ತಾರು ತುಂಬಿತ್ತು, ಮೀಸೆ ಅರ್ಧ ಬೆಳ್ಳಗಾಗಿತ್ತು, ಮಗಳಿಗೆ ಮಗ ಹುಟ್ಟಿದ್ದ. ಉಗಿ ಎಂಜಿನ್ನುಗಳ ಕಾಲ ಅದು. ಗೂಡ್ಸ್ ಗಾಡಿಗಳಿಗೆ ಹೊತ್ತುಗೊತ್ತು ಇರಲಿಲ್ಲ, ಅವುಗಳ ಡ್ರೈವರುಗಳಿಗೂ ಇರಲಿಲ್ಲ. ಗಾಡಿ ಬಿಡುವ ಎರಡು ತಾಸು ಮೊದಲು ಉಡಚಪ್ಪ ಸೈಕಲ್ಲಿಗೆ ಕಂದೀಲು ತೂಗುಹಾಕಿ, ಉದ್ದನೆಯ ಪುಸ್ತಕವೊಂದನ್ನು ಬಗಲಿಗಿಟ್ಟುಕೊಂಡು ಡ್ರೈವರನ ಮನೆಗೆ ಹೋಗಬೇಕು, ಎಬ್ಬಿಸಬೇಕು, ಎದ್ದದ್ದಕ್ಕೆ ಪುಸ್ತಕದಲ್ಲಿ ಸಹಿ ತರಬೇಕು. ಸಹಿ ಬಿತ್ತೆಂದರೆ ಮುಂದಿನದೆಲ್ಲ ಡ್ರೈವರನ ಜವಾಬ್ದಾರಿ. ಮನುಷ್ಯ ಏಳಲಿಲ್ಲ, ಇಲ್ಲವೇ ಸಿಗಲೇ ಇಲ್ಲ ಅಂದರೆ ಅವನ ಹೆಸರಿನ ಮೇಲೆ ಅಡ್ಡಗೀಟು ಎಳೆಯಬೇಕು. ಇಪ್ಪತ್ತೆರಡು ವರ್ಷದಲ್ಲಿ ಉಡಚಪ್ಪನ ಪುಸ್ತಕದಲ್ಲಿ ಒಂದೇ ಒಂದು ಅಡ್ಡಗೀಟು ಇರಲಿಲ್ಲ.

ಇದೇನು ಜಾದೂ ಅಂದುಕೊಳ್ಳಬೇಡಿ. ಬೇರೆ ಕಾಲ್ ಬಾಯ್‌ಗಳು ಕಿಟಕಿಯಿಂದ ಪುಸ್ತಕ ತೂರಿ, ನಿದ್ದೆಗಣ್ಣಿನ ಸಹಿ ಹಾಕಿಸಿಕೊಂಡು ಹೋಗಿಬಿಡುತ್ತಿದ್ದರು. ಉಡಚಪ್ಪನ ಕಾಯಿದೆ ಬೇರೆ. ಒಳಗೆ ಹೋಗಿ ಹಾಸಿಗೆಯ ಪಕ್ಕ ಕಂದೀಲು ಹಿಡಿದು ನಿಲ್ಲುತ್ತಿದ್ದ. ಮನುಷ್ಯನ ಎರಡೂ ಪಾದ ನೆಲಕ್ಕೆ ಮುಟ್ಟಿದ್ದನ್ನು ಕಣ್ಣಾರೆ ನೋಡಿದ ಮೇಲೇ ಪೆನ್ಸಿಲ್ ಕೊಡುತ್ತಿದ್ದ. 'ಪಾದಾ ನೆಲಕ್ಕ, ಆಮ್ಯಾಲೆ ಸಹಿ' ಅಂತ ಕಾಲನಿಯ ಮಕ್ಕಳು ಅವನನ್ನು ಅಣಕಿಸುತ್ತಿದ್ದರು.

ಡ್ರೈವರ ಲಾಲಸಾಬ ಒಮ್ಮೆ ತಪ್ಪಿಸಿಕೊಳ್ಳಲು ನೋಡಿದ. ಹೆಂಡತಿ ಮದೀನಾಬಿ ಬಾಗಿಲಲ್ಲಿ ನಿಂತು, 'ಅವರು ಮನ್ಯಾಗಿಲ್ಲೋ ಅಣ್ಣಾ, ಗದಗಿಗೆ ಹೋಗ್ಯಾರ' ಅಂದಳು. ಉಡಚಪ್ಪ ಕಂದೀಲು ಎತ್ತಿ ಒಳಗೆ ನೋಡಿದ. 'ಹಂಗೇನವಾ? ಮತ್ತ ಪಾದಾ ಇಲ್ಲೇ ಬಿಟ್ಟು ಹೋಗ್ಯಾನಲ್ಲವಾ, ಕೌದಿ ಹೊರಗ ಕಾಣಾಕತ್ತಾವು!' ಹೊದ್ದಿದ್ದ ಕೌದಿಯೊಳಗಿಂದಲೇ ನಗು ಬಂತು, ಲಾಲಸಾಬ ಎದ್ದ.

ಈ ಕೆಲಸದ ಮೇಲೆ ಉಡಚಪ್ಪನಿಗೆ ಅಷ್ಟು ಜೀವ ಯಾಕೆ ಅಂದರೆ ಅದಕ್ಕೂ ಕಾರಣ ಇತ್ತು. ಹುಟ್ಟೂರು ಶಿರಗುಪ್ಪಿಯಲ್ಲಿ ಅವನದು ಊರ ಹೊರಗಿನ ಕೇರಿ. ಅವನಪ್ಪ ಊರೊಳಗೆ ಯಾರ ಮನೆಯ ಕಟ್ಟೆಯನ್ನೂ ಹತ್ತಿದವನಲ್ಲ. ಬೀದಿಯಲ್ಲಿ ನಿಂತು ಕೂಗುವುದು, ಕೊಟ್ಟಿದ್ದನ್ನು ಬೀದಿಯಲ್ಲೇ ಹೆಗಲ ಬಟ್ಟೆಯೊಡ್ಡಿ ಹಿಡಿಯುವುದು. ಮಗನೂ ಶೆಡ್ಡಿಗೆ ಸೇರಿದ ಮೊದಲ ವಾರ ಹಾಗೇ ಒಬ್ಬ ಡ್ರೈವರನ ಹೊಸ್ತಿಲ ಹೊರಗೆ ನಿಂತು ಮೆಲ್ಲಗೆ ಕೂಗಿ ಬಂದಿದ್ದ. ಡ್ರೈವರ ಕೊನೇ ಗಳಿಗೆಯಲ್ಲಿ ಓಡುತ್ತಾ ಬಂದು ಎಂಜಿನ್ ಹತ್ತಿದ. ಫೋರಮನ್ ಉಡಚಪ್ಪನನ್ನು ಕರೆಸಿ ಎಲ್ಲರೆದುರು ಬೈದ: 'ಬಾಗಲದಾಗ ನಿಂತು ಭಿಕ್ಷಾ ಬೇಡಾಕ ಹೋಗಿದ್ದೇನ್ಲೇ? ಒಳಗ ಹೋಗು, ಕೌದಿ ಜಗ್ಗು! ಯಾರರ ತಡದರ ನನ್ನ ಹೆಸರು ಹೇಳು.' ಬೈಗುಳ ತಿಂದು ಹಿಗ್ಗಿಹೋದ ಮನುಷ್ಯ ಇಡೀ ಹುಬ್ಬಳ್ಳಿಯಲ್ಲಿ ಅವನೊಬ್ಬನೇ ಇದ್ದಾನು. ಅವತ್ತಿನಿಂದ ಕಾಲನಿಯ ಯಾವ ಮನೆಗೂ, ಯಾವ ಜಾತಿಯವರ ಮನೆಗೂ, ಅವನು ಸೀದಾ ಒಳಗೆ ಹೋಗುತ್ತಿದ್ದ. ತಡೆದವರಿಲ್ಲ.

ಇನ್ನು ಹಾಕಿಯ ಮಾತು. ಆಗ ಲೋಕೋ ಕಾಲನಿಯ ಹುಡುಗರದೊಂದು ತಂಡ ಇತ್ತು. ಅಬ್ಬಾ, ಆ ತಂಡದ ಆಟ ನೋಡಿದವರೇ ಪುಣ್ಯವಂತರು! ಗೋಲಿನಲ್ಲಿ ದಸ್ತಗೀರಸಾಬ ನಿಂತರೆ ಗುಬ್ಬಿಯೂ ಒಳಗೆ ನುಸುಳುತ್ತಿರಲಿಲ್ಲ. ಹಗಲು ಶೆಡ್ಡಿನಲ್ಲಿ ಫೈರ್‌ಮನ್, ಎಂಜಿನ್ನಿಗೆ ಕಲ್ಲಿದ್ದಲು ತುಂಬುವ ಕೆಲಸ, ಸಂಜೆ ಗೋಲ್‌ಕೀಪರ್. ಮುಂದಿನ ಸಾಲಿನಲ್ಲಿ ಮಹಾದೇವಪ್ಪ. ಅವನು ಕಾಲನಿಯವನಲ್ಲ, ಬೆಂಗೇರಿಯ ಅರಳೆ ಸಾಹುಕಾರ ಗುರುಶಿದ್ದಪ್ಪನವರ ತಮ್ಮನ ಮಗ. ಆದರೆ ಖರೇ ಹೇಳಬೇಕೆಂದರೆ, ಚೆಂಡು ಅವನ ಕೋಲಿಗೆ ಅಂಟಿಕೊಂಡೇ ಹುಟ್ಟಿದ ಹಾಗಿತ್ತು. ಗುರುಶಿದ್ದಪ್ಪನವರೇ ತಂಡದ ಅಧ್ಯಕ್ಷರು. ಉಡಚಪ್ಪ ಪ್ರತಿ ಪಂದ್ಯಕ್ಕೂ ಗೋಲಿನ ಹಿಂದೆ ನಿಂಬೆಹಣ್ಣಿನ ಹೋಳು ಹಿಡಿದು ನಿಂತಿರುತ್ತಿದ್ದ. ಹುಡುಗರಿಗೆಲ್ಲ ಅವನು ಉಡಚಪ್ಪ ಕಾಕಾ.

ಆ ವರ್ಷ ಚಳಿಗಾಲದಲ್ಲಿ ತಂಡಕ್ಕೆ ಮುಂಬಯಿಯ ದೊಡ್ಡ ಪಂದ್ಯಾವಳಿಯಿಂದ ಕರೆ ಬಂತು. ಶನಿವಾರ ಆಟ ಅಂತ ತಿಳಿದು ಎಲ್ಲರೂ ಗುರುವಾರ ರಾತ್ರಿಯ ರೈಲಿಗೆ ಗಂಟು ಕಟ್ಟುತ್ತಿದ್ದರು. ಗುರುವಾರ ಮಧ್ಯಾಹ್ನ ತಂತಿ ಬಂತು: ಆಟ ಶುಕ್ರವಾರ ಸಂಜೆ ನಾಲ್ಕಕ್ಕೆ. ರೈಲಿನಲ್ಲಿ ಹೋದರೆ ಶುಕ್ರವಾರ ರಾತ್ರಿ ಮುಟ್ಟುವುದು. ಹುಡುಗರ ಮುಖ ಸಣ್ಣದಾಯಿತು. ಗುರುಶಿದ್ದಪ್ಪನವರು ಮಾತ್ರ ಎದ್ದು ಕೋಟು ಝಾಡಿಸಿದರು. 'ಬೆಳಗಾವಿಯಿಂದ ಮುಂಜಾನೆ ಏಳಕ್ಕ ಮುಂಬಯಿಗೆ ವಿಮಾನ ಐತಿ. ಹದಿಮೂರು ಮಂದಿ ಆಟಗಾರರು, ಹದಿನಾಕನೇದಾಂವ ನಾನು. ಟಿಕೀಟು ನಾ ನೋಡ್ಕೋತೇನಿ.'

ವಿಮಾನ! ಕಾಲನಿಯಲ್ಲಿ ಯಾರೂ ವಿಮಾನದ ಚಕ್ರವನ್ನು ಸಹ ಮುಟ್ಟಿದವರಲ್ಲ.

ಆದರೆ ಬೆಳಗಾವಿ ಮೂರು ತಾಸಿನ ದಾರಿ. ಬಾಡಿಗೆ ಬಸ್ಸು ಸ್ಟೇಶನ್ ಎದುರಿನಿಂದ ರಾತ್ರಿ ಎರಡೂವರೆಗೆ ಬಿಡಬೇಕು. ಎಲ್ಲರೂ ಶೆಡ್ಡಿನ ಹಾಲ್‌ನಲ್ಲೇ ಒಟ್ಟಿಗೆ ಮಲಗೋಣ ಅಂತ ದಸ್ತಗೀರಸಾಬ ಹೇಳಿ ನೋಡಿದ. ಮಹಾದೇವಪ್ಪ ಮೂಗು ಮುರಿದ. 'ಅಲ್ಲಿ ನನಗ ನೀರೂ ಇಳಿಯೂದಿಲ್ಲ, ನಿದ್ದಿನೂ ಹತ್ತೂದಿಲ್ಲ.' ಆಗ ಗುರುಶಿದ್ದಪ್ಪನವರ ಕಣ್ಣು ಗೋಡೆಗೆ ಒರಗಿ ನಿಂತಿದ್ದ ಉಡಚಪ್ಪನ ಮೇಲೆ ಬಿತ್ತು.

'ಇಡೀ ರೈಲ್ವೇನ ಎಬ್ಬಸಾಂವ ಇಲ್ಲೇ ನಿಂತಾನಲ್ಲ! ಏ ಉಡಚಪ್ಪಾ, ಹದಿಮೂರು ಮಂದಿನ್ನೂ ಹೊತ್ತಿಗೆ ಬಸ್ಸಿಗೆ ಹತ್ತಸ್ತೀಯೇನು?'

'ಹತ್ತಸ್ತೇನ್ರಿ ಸಾವ್ಕಾರ್ರ.'

'ಹತ್ತಸಿದ್ರ ಹದಿನೈದನೇ ಸೀಟು ನಿಂದು. ವಿಮಾನದಾಗ ಕುಂತು ಮುಂಬಯಿ ನೋಡು. ಹುಡುಗರಿಗೆ ನಿಂಬಿಹಣ್ಣು ಕೊಡಾಕ ಯಾರರ ಬೇಕಲ್ಲ.' ಹೀಗೆ ಹೇಳಿ ಅವರು ಟಿಕೀಟಿನ ವ್ಯವಸ್ಥೆಗೆ ಅಂತ ಅವತ್ತೇ ಸಂಜೆ ಕಾರಿನಲ್ಲಿ ಬೆಳಗಾವಿಗೆ ಹೋದರು.

ಉಡಚಪ್ಪನಿಗೆ ವಿಮಾನ! ಇಪ್ಪತ್ತೆರಡು ವರ್ಷ ಊರಿನವರನ್ನೆಲ್ಲ ಎಬ್ಬಿಸಿ ಪ್ರಯಾಣಕ್ಕೆ ಕಳಿಸಿದ್ದ; ರೈಲ್ವೆಯ ಪುಕ್ಕಟೆ ಪಾಸು ಇದ್ದೂ ತಾನು ಗದಗ ದಾಟಿರಲಿಲ್ಲ. ಮರುದಿನದಿಂದ ರಜೆ ಬರೆಸಿ ಮನೆಗೆ ಹೋಗುವ ದಾರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಅಷ್ಟೊತ್ತಿಗೆ ಸುದ್ದಿ ಅವನಿಗಿಂತ ಮುಂಚೆ ಮನೆ ಸೇರಿತ್ತು.

'ಎಲ್ಲಾರನ್ನೂ ನೀ ಎಬ್ಬಸ್ತಿ, ನಿನ್ನ ಯಾರು ಎಬ್ಬಸ್ತಾರ?' ಅಂದಳು ಹೆಂಡತಿ ಮುದಕವ್ವ, ಬುತ್ತಿಗೆ ರೊಟ್ಟಿ ಬಡಿಯುತ್ತಾ.

'ನಾ ಮಲಗಿದ್ರಲ್ಲೇನ ಎಬ್ಬಸೂದು?'

'ಮ್ಯಾಲಿಂದ ನಮ್ಮನಿ ಹಂಚು ಕಂಡ್ರ ನೋಡು, ಎಲ್ಲೆಲ್ಲಿ ಒಡದಾವು ಹೇಳು. ಮಳಿಗಾಲದಾಗ ಸೋರೂದು ತಿಳೀವಲ್ದು.'

'ಲೇ ಹುಚ್ಚಿ, ವಿಮಾನ ಬೆಳಗಾವಿಯಿಂದ ಹೊಕ್ಕೈತಿ.'

'ಅಂವಗ ಸಲ್ಪ ಈ ಕಡೆ ಹೊಳ್ಳಸು ಅಂತ ಹೇಳು.' ಇಬ್ಬರೂ ನಕ್ಕರು. ರೊಟ್ಟಿಯ ಜೊತೆ ಅವಳು ಶೇಂಗಾ ಚಟ್ನಿ ಕಟ್ಟಿದಳು. ಗಂಡನ ಬಿಳೀ ಅಂಗಿಯನ್ನು ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ಹಾಕಿ ಇಸ್ತ್ರಿ ಮಾಡಿದಳು.

ಶೆಡ್ಡಿನ ಪುಸ್ತಕ ಸ್ವಂತ ಕೆಲಸಕ್ಕೆ ತರುವಂತಿಲ್ಲ. ಅದಕ್ಕೇ ಉಡಚಪ್ಪ ಹಳೇ ನೋಟುಬುಕ್ಕೊಂದಕ್ಕೆ ಗೆರೆ ಎಳೆದು, ದಸ್ತಗೀರಸಾಬನ ಕೈಯಿಂದ ಹದಿಮೂರು ಹೆಸರು ಬರೆಸಿಕೊಂಡಿದ್ದ. ರಾತ್ರಿ ಹನ್ನೆರಡಕ್ಕೆ ಪಾಳಿ ಮುಗಿಸುವಾಗ ಅವನ ಕೊನೆಯ ಕೆಲಸ ಲಾಲಸಾಬನನ್ನು ಗೂಡ್ಸ್ ಗಾಡಿಗೆ ಎಬ್ಬಿಸುವುದಾಗಿತ್ತು. ಅದು ಮುಗಿಸಿ, ಬಿಳೀ ಅಂಗಿ ತೊಟ್ಟು, ಒಂದು ಗಂಟೆಗೆ ಹುಡುಗರನ್ನು ಎಬ್ಬಿಸಲು ಹೊರಟ.

ಕಾಲನಿಯ ಹತ್ತು ಮನೆ ಸರಸರ ಆದವು. ಪಾದ ನೆಲಕ್ಕೆ, ಸಹಿ. ಪಾದ ನೆಲಕ್ಕೆ, ಸಹಿ. ಅಲ್ಲಿಂದ ಹಳೇ ಹುಬ್ಬಳ್ಳಿಯ ಇಕ್ಕಟ್ಟು ಓಣಿಗಳಲ್ಲಿ ಇನ್ನಿಬ್ಬರು. ದಸ್ತಗೀರಸಾಬ ಎದ್ದು ಕೂತೇ ಇದ್ದ, ಅವನ ತಾಯಿ ಹುಸೇನಬಿ ಚಹಾ ಕಾಸಿ ಬಟ್ಟಲು ಮುಂದಿಟ್ಟಳು.

'ಕುಡದು ಹೋಗಪಾ ಉಡಚಪ್ಪ. ಮ್ಯಾಲೆ ಹೋದಾಗ ಅಲ್ಲಾ ಕಂಡ್ರ ನನ್ನ ಮಣಕಾಲ ನೋವಿಂದು ಸಲ್ಪ ಹೇಳು.'

'ಹೇಳ್ತೇನಿ ಬಿಡವಾ. ಸಹಿ ತಗೊಂಡ ಬರ್ತೇನಿ.'

ಉಳಿದದ್ದು ಒಂದೇ ಹೆಸರು. ಬೆಂಗೇರಿಯ ಸಾಹುಕಾರರ ಮನೆ ಮುಟ್ಟಿದಾಗ ಎರಡಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಎತ್ತರದ ಕಟ್ಟೆ, ದಪ್ಪ ಬಾಗಿಲು, ಮೇಲೆ ಮಾಳಿಗೆ. ಉಡಚಪ್ಪ ಇಪ್ಪತ್ತೆರಡು ವರ್ಷದ ರೂಢಿಯಿಂದ ಸೀದಾ ಕಟ್ಟೆಗೆ ಕಾಲಿಡಲು ಹೋದವನು ಅಲ್ಲೇ ನಿಂತ. ಇದು ಕಾಲನಿಯಲ್ಲ. ಇಲ್ಲಿ ಫೋರಮನ್‌ನ ಹೆಸರು ಹೇಳಿದರೆ ಯಾರಿಗೆ ಗೊತ್ತು? ಸೈಕಲ್ಲಿನ ಗಂಟೆ ಬಾರಿಸಿದ. ಕೂಗಿದ. ಗುರುಶಿದ್ದಪ್ಪನವರ ಹೆಂಡತಿ ಕಾಶೀಬಾಯಿ ಬಾಗಿಲು ಅರ್ಧ ತೆರೆದರು.

'ಯಾರದು?'

'ನಾನ್ರೀ ಯವ್ವಾ, ಶೆಡ್ಡಿನ ಉಡಚಪ್ಪ. ಸಣ್ಣ ಸಾವ್ಕಾರ್ರನ್ನ ಎಬ್ಬಸಾಕ ಬಂದೇನ್ರಿ.'

'ಅಲ್ಲೇ ನಿಂದ್ರಪಾ, ಅಲ್ಲೇ. ನಾ ಎಬ್ಬಸ್ತೇನಿ.'

'ಸಹಿ ಬೇಕ್ರಿ ಯವ್ವಾ.'

'ಎದಕ್ಕ?'

'ಎದ್ದದ್ದಕ್ಕರಿ.'

'ನಿದ್ದಿಯಿಂದ ಏಳಾಕೂ ಸಹಿ ಬಂತೇನಪಾ ಈಗ! ಕಟ್ಟಿ ಮ್ಯಾಲೆ ಇಟ್ಟು ಹಿಂದ ಸರಿ.'

ಅವನು ನೋಟುಬುಕ್ಕು ಕಟ್ಟೆಯ ಅಂಚಿಗಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ. ಅವರು ಸೆರಗಿನ ತುದಿಯಿಂದ ಅದನ್ನು ಹಿಡಿದುಕೊಂಡು ಒಳಗೆ ಹೋದರು. ಮಾಳಿಗೆಯಲ್ಲಿ ದೀಪ ಹತ್ತಿತು. ಏನೋ ಗೊಣಗಿದ ಸದ್ದು. ಸ್ವಲ್ಪ ಹೊತ್ತಿಗೆ ನೋಟುಬುಕ್ಕು ಮತ್ತೆ ಕಟ್ಟೆಯ ಅಂಚಿಗೆ ಬಂತು. 'ತಗೋ.'

ಉಡಚಪ್ಪ ಕಂದೀಲಿಗೆ ಹಿಡಿದು ನೋಡಿದ. ಅವನಿಗೆ ಓದು ಅಷ್ಟಕ್ಕಷ್ಟೇ, ಆದರೆ ಸಹಿಗಳನ್ನು ಓದುವುದರಲ್ಲಿ ಅವನು ಪಂಡಿತ. ಎದ್ದು ಕೂತವನ ಸಹಿ ಗೆರೆಯ ಮೇಲೆ ನಿಲ್ಲುತ್ತದೆ. ಮಲಗಿದವನ ಸಹಿ ಜಾರುತ್ತದೆ. ಮಹಾದೇವಪ್ಪನ ಸಹಿ ಎರಡು ಗೆರೆ ದಾಟಿ ಪುಟದ ತಳಕ್ಕೆ ಇಳಿದಿತ್ತು.

'ಯವ್ವಾ, ಹಾಸಿಗಿ ಬಿಟ್ಟು ಇಳದಾರೇನ್ರಿ?'

'ಸಹಿ ಮಾಡ್ಯಾನಲ್ಲಪಾ. ಇನ್ನೇನು ಬಂದು ನಿನಗ ಆರತಿ ಎತ್ತಬೇಕೇನು?'

'ಹಂಗಲ್ರೀ... ಪಾದಾ ನೆಲಕ್ಕ ಮುಟ್ಟಿದ್ದು ನೋಡಬೇಕಾಗತೈತ್ರಿ. ನಾ ಒಂದೀಟು ಮ್ಯಾಲೆ ಹೋಗಿ...'

ಕಾಶೀಬಾಯಿ ಕೈಯಲ್ಲಿದ್ದ ದೀಪ ಸ್ವಲ್ಪ ಮೇಲೆತ್ತಿ ಅವನ ಮುಖ ನೋಡಿದರು. 'ಏನಂದಿ?'

'ಏನಿಲ್ರಿ.'

ಬಾಗಿಲು ಮುಚ್ಚಿತು. ಅವನು ಬೀದಿಯಲ್ಲಿ ನಿಂತು ಇನ್ನೆರಡು ಸಲ ಗಂಟೆ ಬಾರಿಸಿದ. 'ಮಂದಿ ಮಕ್ಕೊಂಡಾರ, ಸಾಕು!' ಅಂತ ಒಳಗಿಂದ ದನಿ ಬಂತು. ಮಾಳಿಗೆಯ ದೀಪ ಆರಿತು. ಇಳಿದು ಬರಲೆಂದೇ ಆರಿಸಿರಬಹುದು ಅಂತ ಉಡಚಪ್ಪ ಮನಸ್ಸಿಗೆ ಹೇಳಿಕೊಂಡ. ಹೇಳಿಕೊಂಡು ಸೈಕಲ್ ಹತ್ತಿದ.

ಎರಡೂವರೆಗೆ ಬಸ್ಸಿನಲ್ಲಿ ಹನ್ನೆರಡು ಹುಡುಗರು ಮತ್ತು ಉಡಚಪ್ಪ. ಎರಡೂಮುಕ್ಕಾಲು ಆಯಿತು. ಮೂರಾಯಿತು. ಬಸ್ಸಿನ ಯಜಮಾನ ಉಸ್ಮಾನಸಾಬ ಬೀಡಿಯ ಮೇಲೆ ಬೀಡಿ ಸೇದಿದ. 'ಕಾಕಾ, ಆ ಮಗನ್ನ ಎಬ್ಬಿಸಿದಿ ಇಲ್ಲೋ?' ಅಂತ ಒಬ್ಬ ಕೇಳಿದ, ಮತ್ತೊಬ್ಬ ಕೇಳಿದ, ಕೊನೆಗೆ ಎಲ್ಲರೂ ಕೇಳತೊಡಗಿದರು. ಉಡಚಪ್ಪ ಸಹಿ ತೋರಿಸಿದ. ಮೂರೂ ಹತ್ತಕ್ಕೆ ಬಸ್ಸು ಬೆಂಗೇರಿಗೆ ತಿರುಗಿತು.

ಮಹಾದೇವಪ್ಪ ಗೊರಕೆ ಹೊಡೆಯುತ್ತಿದ್ದ. ಹುಡುಗರು ಹೊರಗಿಂದ ಕೂಗಿ ಕೂಗಿ ಎಬ್ಬಿಸಿದರು. ಎದ್ದವನು ಮುಖ ತೊಳೆದು ಓಡಿ ಬರಬೇಕೋ ಬೇಡವೋ? ಸಾಹುಕಾರರ ಮನೆತನ ಅಲ್ಲವೇ. ಸ್ನಾನ ಆಯಿತು, ಪೂಜೆ ಆಯಿತು, ಕಾಶೀಬಾಯಿಯವರು ಕೊಟ್ಟ ಒಗ್ಗರಣೆ ಅವಲಕ್ಕಿ ಆಯಿತು. ಬಸ್ಸು ಹೊರಟಾಗ ನಾಲ್ಕೂ ಹತ್ತು.

'ಏನೋ ದೊರಿ, ಸಹಿ ಮಾಡಿ ಮಲಗಿದ್ದೇನು?' ಅಂದ ದಸ್ತಗೀರಸಾಬ.

'ನನ್ನ ಯಾರೂ ಎಬ್ಬಸಿಲ್ಲ. ನಿದ್ದಿಗಣ್ಣಾಗ ಯಾರೋ ಪೆನ್ಸಿಲ್ಲು ಹಿಡಿಸಿದ್ರ ಅದು ಎಬ್ಬಿಸಿದಂಗಾತೇನು? ನೀವ ಹೇಳ್ತೀರಲ್ಲ, ಪಾದಾ ನೆಲಕ್ಕ, ಆಮ್ಯಾಲೆ ಸಹಿ ಅಂತ. ಕೇಳು ನಿಮ್ಮ ಕಾಕಾನ್ನ, ನನ್ನ ಪಾದಾ ನೋಡ್ಯಾನೇನು?'

ಎಲ್ಲರೂ ಹಿಂದೆ ತಿರುಗಿದರು. ಉಡಚಪ್ಪ ನೋಟುಬುಕ್ಕು ಮುಚ್ಚಿದ. ಹುಡುಗ ಹೇಳಿದ್ದು ಸುಳ್ಳಲ್ಲ. ತನ್ನದೇ ಕಾಯಿದೆಯ ಪ್ರಕಾರ ಅದು ಎಬ್ಬಿಸಿದ್ದೇ ಅಲ್ಲ.

'ಇಲ್ಲಪಾ, ನೋಡಿಲ್ಲ,' ಅಂದ.

'ಯಾಕ ನೋಡಲಿಲ್ಲ ಕಾಕಾ?' ಅಂತ ಒಬ್ಬನಾದರೂ ಕೇಳಿದ್ದರೆ! ಯಾರೂ ಕೇಳಲಿಲ್ಲ. ಬಾಯಿಗೆ ಬಂದಂತೆ ಬೈದರು ಅಷ್ಟೇ. ಅದೂ ಯಾರನ್ನು? ಮಹಾದೇವಪ್ಪನನ್ನು ಬೈದರೆ ಅವನು ಮುನಿಸಿಕೊಂಡು ಆಡದೇ ಹೋದರೆ ಗತಿ ಏನು? ಉಡಚಪ್ಪನನ್ನು ಬೈದರೆ ನಿಂಬೆಹಣ್ಣೇನೂ ಹುಳಿ ಬಿಡುವುದಿಲ್ಲವಲ್ಲ.

ಧಾರವಾಡದ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಹೊಗೆ ಬಿಡುತ್ತಾ ಉದ್ದದ ಗೂಡ್ಸ್ ಗಾಡಿ ಬಂತು. ಎರಡು ಗಿಡ್ಡ, ಒಂದು ಉದ್ದ ಸೀಟಿ. ಅದು ಲಾಲಸಾಬನ ಕೈ ಅಂತ ಕತ್ತಲಲ್ಲೂ ಉಡಚಪ್ಪನಿಗೆ ತಿಳಿಯಿತು. ಡಬ್ಬಿಗಳು ಒಂದೊಂದೇ, ತೆವಳಿದ ಹಾಗೆ, ದಾಟುತ್ತಲೇ ಇದ್ದವು. 'ಅಂವನ್ನಷ್ಟ ಛಲೋ ಎಬ್ಬಿಸಿದಿ ನೋಡು ಕಾಕಾ,' ಅಂತ ಯಾರೋ ಅಂದರು. ಹುಡುಗರು ನಕ್ಕರು. ಹತ್ತು ನಿಮಿಷ ಅಲ್ಲೇ ಹೋಯಿತು. ಅಲ್ಲಿಂದ ಮುಂದೆ ಉಸ್ಮಾನಸಾಬ ಬಸ್ಸನ್ನು ಓಡಿಸಲಿಲ್ಲ, ಹಾರಿಸಿದ. ಕಿತ್ತೂರು ದಾಟುವಾಗ ಬೆಳಕು ಹರಿಯುತ್ತಿತ್ತು. ಉಡಚಪ್ಪ ಹಿಂದಿನ ಸೀಟಿನಲ್ಲಿ ಬುತ್ತಿ ತೊಡೆಯ ಮೇಲಿಟ್ಟುಕೊಂಡು, ವಿಮಾನ ಇನ್ನೂ ನಿಂತಿರಲಪ್ಪಾ, ನಿಂತಿರಲಿ, ಅಂತ ಕೈ ಮುಗಿದುಕೊಂಡೇ ಕೂತಿದ್ದ.

ನಿಂತಿತ್ತು. ಅವತ್ತು ಮಂಜು ಬಿದ್ದಿರದಿದ್ದರೆ ಯಾವಾಗಲೋ ಹೋಗಿರುತ್ತಿತ್ತು. ತಗಡಿನ ಛಾವಣಿಯ ಸಣ್ಣ ಕಟ್ಟಡದ ಎದುರು ಗುರುಶಿದ್ದಪ್ಪನವರು ಬೆವರಿ ಒದ್ದೆಯಾಗಿ ಕುಣಿಯುತ್ತಿದ್ದರು. 'ಓಡ್ರಿ, ಓಡ್ರಿ! ಇಷ್ಟೊತ್ತು ಯಾರ ಲಗ್ನದಾಗ ಉಣ್ಣಾಕತ್ತಿದ್ರಿ?'

ಒಳಗೆ ದೊಡ್ಡ ತಕ್ಕಡಿ. ಅರಳೆಯ ಮೂಟೆ ತೂಗಿದ ಹಾಗೆ ಒಬ್ಬೊಬ್ಬರನ್ನೂ ಚೀಲದ ಸಮೇತ ನಿಲ್ಲಿಸಿ ತೂಗಿದರು. ಗುಮಾಸ್ತ ಹೆಸರು, ತೂಕ ಬರೆದುಕೊಂಡ. 'ಉಡಚಪ್ಪ, ನಲವತ್ತೆಂಟು ಕಿಲೋ, ಬುತ್ತಿ ಸಹಿತ.' ಜೀವನದಲ್ಲಿ ಮೊದಲ ಸಲ ಪ್ರಯಾಣಕ್ಕೆ ಹೊರಟವರ ಪುಸ್ತಕದಲ್ಲಿ ಅವನ ಹೆಸರು ಬಿದ್ದಿತ್ತು. ಬಾಗಿಲಾಚೆ ಬೆಳ್ಳಗೆ ವಿಮಾನ, ಅದಕ್ಕೆ ಒರಗಿಸಿದ ಮೆಟ್ಟಿಲು. ಎಣಿಸಿದ. ಏಳು ಮೆಟ್ಟಿಲು.

ಗುಮಾಸ್ತ ತಲೆ ಎತ್ತಿದ. 'ಹದಿನಾಲ್ಕು ಮಂದಿಗೇ ಜಾಗ. ನೀವು ಹೊತ್ತಿಗೆ ಬರಲಿಲ್ಲ, ಕಾಯುತ್ತಿದ್ದ ಒಬ್ಬರಿಗೆ ಒಂದು ಸೀಟು ಕೊಟ್ಟಾಯಿತು. ಒಬ್ಬರು ಉಳಿಯಬೇಕು. ಲಗೂ ಹೇಳಿ.'

ಎಲ್ಲರ ಕಣ್ಣೂ ಒಂದೇ ಕಡೆ ಹೋಗಿದ್ದವು.

'ಯಾಕ ತಡಾ ಆತು?' ಅಂದರು ಗುರುಶಿದ್ದಪ್ಪನವರು.

'ನನ್ನ ಎಬ್ಬಸಲಿಲ್ಲ ದೊಡ್ಡಪ್ಪಾ,' ಅಂದ ಮಹಾದೇವಪ್ಪ.

'ಹಂಗಾರ ಆತಲ್ಲ. ಎಬ್ಬಸಿದ್ರ ಸೀಟು ಅಂತ ಮಾತಾಗಿತ್ತು.'

'ಸಾವ್ಕಾರ್ರ,' ಅಂದ ಉಡಚಪ್ಪ. ನೋಟುಬುಕ್ಕು ಎದೆಗೆ ಒತ್ತಿ ಹಿಡಿದಿದ್ದ. 'ಎಬ್ಬಸಾಕ ಹೋಗಿದ್ದೆರಿ. ಪಾದಾ ನೋಡಾಕ ಆಗಲಿಲ್ಲರಿ. ನಿಮ್ಮನಿ ಕಟ್ಟಿ...'

ಗುರುಶಿದ್ದಪ್ಪನವರ ಮುಖ ಒಂದು ಗಳಿಗೆ ಬದಲಾಯಿತು. ಏನು ಹೇಳಲು ಹೊರಟಿದ್ದಾನೆಂದು ಅವರಿಗೆ ತಿಳಿಯಿತು, ಚೆನ್ನಾಗಿ ತಿಳಿಯಿತು. ಮಂದಿ ಮುಂದೆ ಅದು ಬೀಳಬಾರದೆಂದೂ ತಿಳಿಯಿತು. 'ಹೊತ್ತಿಲ್ಲ ಈಗ, ಹೊತ್ತಿಲ್ಲ! ಆಮ್ಯಾಲೆ ಹೇಳುವಂತಿ. ನಡೀರ್ಯೋ ಎಲ್ಲಾರೂ!' ಅಂತ ಹುಡುಗರನ್ನು ಬಾಗಿಲಿಗೆ ತಳ್ಳಿದರು.

ದಸ್ತಗೀರಸಾಬ ತಿರುಗಿ ನಿಂತ. ಬಾಯಿ ತೆರೆದ. ಗೋಲ್‌ಕೀಪರ್ ಇಲ್ಲದೆ ತಂಡ ಇಲ್ಲ, ಅವನು ಕಾಲೂರಿ ನಿಂತಿದ್ದರೆ ಹೆಚ್ಚುವರಿ ಹುಡುಗನೊಬ್ಬನನ್ನು ಬಿಟ್ಟು ಉಡಚಪ್ಪನನ್ನು ಕರೆದೊಯ್ಯುತ್ತಿದ್ದರೋ ಏನೋ. ಆದರೆ ರೆಕ್ಕೆಯ ಪಂಖ ತಿರುಗತೊಡಗಿತ್ತು, ಮುಂಬಯಿ ಕರೆಯುತ್ತಿತ್ತು, ಅವನಿಗೂ ಇಪ್ಪತ್ತೆರಡೇ ವಯಸ್ಸು. ಬಾಯಿ ಮುಚ್ಚಿ ಓಡಿದ.

ಗುಮಾಸ್ತ ಉಡಚಪ್ಪನ ಹೆಸರಿನ ಮೇಲೆ, ನಲವತ್ತೆಂಟು ಕಿಲೋದ ಮೇಲೆ, ಒಂದು ಗೆರೆ ಎಳೆದ. ಉಡಚಪ್ಪ ಅದನ್ನು ನೋಡಿದ. ಆಮೇಲೆ ತನ್ನ ನೋಟುಬುಕ್ಕು ಬಿಚ್ಚಿ ತಕ್ಕಡಿಯ ಮೇಲಿಟ್ಟು, ದಾರ ಕಟ್ಟಿದ ಪೆನ್ಸಿಲ್ಲಿನಿಂದ ಮಹಾದೇವಪ್ಪನ ಜಾರಿದ ಸಹಿಯ ಮೇಲೆ ಅಡ್ಡಗೀಟು ಎಳೆದ. ಇಪ್ಪತ್ತೆರಡು ವರ್ಷದಲ್ಲಿ ಮೊದಲನೆಯದು. ವಿಮಾನ ಮಂಜಿನೊಳಗೆ ಹೋದದ್ದನ್ನು ಅವನು ನೋಡಲಿಲ್ಲ. ಹಾಳೆ ಹರಿಯುವ ತನಕ ಗೀಟಿನ ಮೇಲೆ ಗೀಟು ಎಳೆಯುತ್ತಿದ್ದ.

ಉಸ್ಮಾನಸಾಬನ ಖಾಲಿ ಬಸ್ಸಿನಲ್ಲಿ ಮಧ್ಯಾಹ್ನಕ್ಕೆ ಮನೆಗೆ ಬಂದ. ದಾರಿಯಲ್ಲಿ ಇಬ್ಬರೂ ಬುತ್ತಿ ಹಂಚಿಕೊಂಡು ತಿಂದಿದ್ದರು. ಮುದಕವ್ವ ಬಾಗಿಲಲ್ಲೇ ನಿಂತು ನೋಡಿದಳು. ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ.

'ಯಾಕ? ವಿಮಾನ ಸಿಗಲಿಲ್ಲೇನು?'

'ಸಿಕ್ತು. ಅವರಿಗೆಲ್ಲಾ ಸಿಕ್ತು.'

ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಸಂಜೆ ಪಾಳಿಗೆ ರಜೆ ಇದ್ದರೂ ಎದ್ದು ಶೆಡ್ಡಿಗೆ ಹೋದ.

ತಂಡ ಗೆದ್ದಿತು! ಎರಡಕ್ಕೆ ಒಂದು, ಎರಡೂ ಗೋಲು ಮಹಾದೇವಪ್ಪನದು. ದಸ್ತಗೀರಸಾಬ ಕೊನೆಯ ನಿಮಿಷದಲ್ಲಿ ತಡೆದ ಚೆಂಡಿನ ಬಗ್ಗೆ ಮುಂಬಯಿಯ ಪತ್ರಿಕೆಯವರೂ ಬರೆದರು. ಸ್ಟೇಶನ್ನಿನಿಂದ ಮೆರವಣಿಗೆ, ಹಲಗೆ, ಗುಲಾಲು. ಸತ್ಕಾರದ ಸಭೆಯಲ್ಲಿ ಗುರುಶಿದ್ದಪ್ಪನವರು ಮೈಕಿನ ಮುಂದೆ ನಿಂತು ನಗಿಸಿದರು: 'ಆಟದಾಗ ಗೆದ್ದದ್ದು ದೊಡ್ಡ ಮಾತಲ್ರೀ, ವಿಮಾನ ಹಿಡದದ್ದು ದೊಡ್ಡ ಮಾತು. ಯಾಕಂದ್ರ ನಮ್ಮನ್ನ ಎಬ್ಬಸಬೇಕಾದಾಂವನ ನಿದ್ದಿ ಹೊಡದಿದ್ದ!' ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಲ್ಲಿ ನಿಂತಿದ್ದ ಉಡಚಪ್ಪನ ಕಡೆ ತಿರುಗಿ ತಿರುಗಿ ನಕ್ಕಿತು. ಬಸ್ಸು ಹೊರಟ ಆ ರಾತ್ರಿ ರೆಪ್ಪೆ ಮುಚ್ಚದಿದ್ದವನು ಅವನೊಬ್ಬನೇ.

ಆಮೇಲೆ ಅದೊಂದು ಮಾತೇ ಆಗಿಹೋಯಿತು. ಯಾರಾದರೂ ಕೆಲಸಕ್ಕೆ ತಡವಾಗಿ ಬಂದರೆ, 'ಉಡಚಪ್ಪ ಎಬ್ಬಿಸಿದ್ದನೇನು?' ಅನ್ನುವರು. ಡ್ರೈವರುಗಳೂ ಕಂದೀಲು ಕಂಡ ಕೂಡಲೇ, 'ಬಂದಾ, ವಿಮಾನದಾಂವ' ಅನ್ನತೊಡಗಿದರು. ದಸ್ತಗೀರಸಾಬ ಒಂದು ದಿನ ಶೆಡ್ಡಿನ ಹಿಂದೆ ಅವನನ್ನು ನಿಲ್ಲಿಸಿ, 'ಕಾಕಾ, ನಾ ಅವತ್ತ ಮಾತಾಡಬೇಕಿತ್ತು. ಆಡಲಿಲ್ಲ' ಅಂದ. ಉಡಚಪ್ಪ ಅವನ ಮುಖ ನೋಡಿ, 'ಹೌದಪಾ, ಆಡಬೇಕಿತ್ತು' ಅಂದ. ಬಿಡು ಪರವಾಗಿಲ್ಲ ಅನ್ನಲಿಲ್ಲ.

ಮರುವರ್ಷ ಮತ್ತೆ ಮುಂಬಯಿಗೆ ಕರೆ ಬಂತು, ಮತ್ತೆ ಅದೇ ಮುಂಜಾನೆಯ ವಿಮಾನ. ಈ ಸಲ ಗುರುಶಿದ್ದಪ್ಪನವರೇ ಕಾರಿನಲ್ಲಿ ಶೆಡ್ಡಿನ ಬಾಗಿಲಿಗೆ ಬಂದರು. ಹಳೆಯದೆಲ್ಲ ಮರೆತವರ ಹಾಗೆ ನಕ್ಕರು.

'ಉಡಚಪ್ಪಾ, ಈ ಸರತೆ ತಪ್ಪಸಬ್ಯಾಡ. ಹದಿನೈದನೇ ಸೀಟು ಖರೇನ ನಿಂದು.'

ಉಡಚಪ್ಪ ಕಂದೀಲಿನ ಗಾಜು ಒರೆಸುತ್ತಿದ್ದ. ಎದ್ದು ನಿಂತ. 'ಆಗಲ್ರಿ ಸಾವ್ಕಾರ್ರ. ನಂದು ಒಂದ ಕಾಯಿದಿ. ಪಾದಾ ನೆಲಕ್ಕ ಮುಟ್ಟಿದ್ದು ನೋಡೇ ಸಹಿ ತಗೊಳ್ಳೂದು. ಸಣ್ಣ ಸಾವ್ಕಾರ್ರ ಹಾಸಿಗಿ ತನಕಾ ನಾ ಬರಬೇಕಾಗತೈತ್ರಿ.'

ಶೆಡ್ಡಿನೊಳಗೆ ಸುತ್ತಿಗೆಯ ಸದ್ದು ನಡೆದೇ ಇತ್ತು. ಗುರುಶಿದ್ದಪ್ಪನವರು ಕಾರಿನ ಬಾಗಿಲು ಹಿಡಿದುಕೊಂಡರು.

'ಅದ್ಹೆಂಗ ಆಕ್ಕೈತೋ,' ಅಂದರು ಮೆಲ್ಲಗೆ. 'ಮನ್ಯಾಗ ಹೆಣ್ಣುಮಕ್ಕಳು ಕೇಳಬೇಕಲ್ಲ.'

'ಹಂಗಾರ ಒಂದು ಗಡಿಯಾರ ತರಸ್ರಿ,' ಅಂದ ಉಡಚಪ್ಪ. ಮತ್ತೆ ಕೂತು ಗಾಜು ಒರೆಸತೊಡಗಿದ.

ತರಿಸಿದರು. ಗಂಟೆ ಬಾರಿಸುವ ಗಡಿಯಾರ, ದುಂಡಗಿನದು, ತಲೆಯ ಮೇಲೆ ಎರಡು ಬಟ್ಟಲು. ಎಲ್ಲಿ ಮಾಡಿದ್ದೋ, ಯಾರು ಮಾಡಿದ್ದೋ, ಎಷ್ಟು ಜನರ ಕೈ ದಾಟಿ ಬಂದದ್ದೋ. ಅದು ಕಟ್ಟೆ ಹತ್ತಿ, ಹೊಸ್ತಿಲು ದಾಟಿ, ಸೀದಾ ಮಾಳಿಗೆಗೆ ಹೋಗಿ ಮಹಾದೇವಪ್ಪನ ತಲೆದಿಂಬಿನ ಪಕ್ಕ ಕೂತಿತು.